ನಿಂತಲ್ಲೇ ಸೊರಗುವ ಬ್ಯಾಟರಿ

ರಾತ್ರಿ ಒಂದೂವರೆ ಗಂಟೆ. ರಾಜೀವನಗರದ ನಿಮ್ಮ ಮನೆಯಲ್ಲಿ ಅತ್ತೆಯವರು ಎದೆ ಹಿಡಿದುಕೊಂಡು ಎದ್ದು ಕುಳಿತಿದ್ದಾರೆಂದು ಭಾವಿಸಿ. ಪತಿ ದಮ್ಮಾಮ್‌ನಲ್ಲಿ. ಜಯದೇವ ಹೃದ್ರೋಗ ಆಸ್ಪತ್ರೆ ಇರುವುದು ಊರಿನ ಇನ್ನೊಂದು ದಿಕ್ಕಿಗೆ, ಕೆ.ಆರ್.ಎಸ್. ರಸ್ತೆಯಲ್ಲಿ. ಕಾರು ಅಂಗಳದಲ್ಲೇ ಇದೆ, ನಿಮಗೆ ಓಡಿಸಲು ಬರುತ್ತದೆ, ಲೈಸೆನ್ಸೂ ಇದೆ. ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀ ತಿರುಗಿಸುತ್ತೀರಿ. ಟಕ್, ಟಕ್, ಟಕ್... ಅಷ್ಟೇ ಸದ್ದು. ಮೀಟರಿನ ದೀಪಗಳು ಮಂಕಾಗಿ ಮಿನುಗಿ ಆರಿ ಹೋಗುತ್ತವೆ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದುದು 108ಕ್ಕೆ ಕರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರು ಇದ್ದೂ ಇಲ್ಲದಂತಾದದ್ದೇಕೆ? ಪೆಟ್ರೋಲ್ ಇತ್ತು, ಎಂಜಿನ್ ಸರಿಯಾಗಿತ್ತು. ಪತಿ ರಜೆ ಮುಗಿಸಿ ಹೋದ ಮೇಲೆ ಒಂದೂವರೆ ತಿಂಗಳು ಕಾರನ್ನು ಯಾರೂ ಮುಟ್ಟಿರಲಿಲ್ಲ. ನಾವು ಸಾಮಾನ್ಯವಾಗಿ 'ಮುಟ್ಟಿಯೇ ಇಲ್ಲ, ಹಾಳಾಗುವುದು ಹೇಗೆ?' ಎಂದುಕೊಳ್ಳುತ್ತೇವೆ. ಕಾರಿನ ಬ್ಯಾಟರಿಯ ವಿಷಯದಲ್ಲಿ ಇದು ತಲೆಕೆಳಗು. ಅದು ಹಾಳಾಗುವುದೇ ಮುಟ್ಟದಿರುವುದರಿಂದ.

ಉದಯಗಿರಿ, ಶಾಂತಿನಗರ, ಕಲ್ಯಾಣಗಿರಿ, ಬನ್ನಿಮಂಟಪ ಎಲ್ಲಿ ನೋಡಿದರೂ ಮುಸುಕು ಹೊದ್ದು ನಿಂತಿರುವ ಕಾರುಗಳು ಕಾಣಸಿಗುತ್ತವೆ. ಕೆಲವು ಗಲ್ಫ್‌ನಲ್ಲಿರುವವರವು, ವರ್ಷಕ್ಕೊಮ್ಮೆ ಬಂದಾಗ ಓಡಿಸಲೆಂದು ಕೊಂಡವು. ಕೆಲವು ಮಗ ಬೆಂಗಳೂರಿಗೆ ಹೋದ ಮೇಲೆ ನಿಂತುಬಿಟ್ಟವು. ಹಜ್‌ಗೆ ಹೊರಡುವ ಹಿರಿಯರು ಸುಮಾರು ನಲವತ್ತು ದಿನಗಳ ಮಟ್ಟಿಗೆ ಬೀಗ ಹಾಕಿ ಹೋದವೂ ಇರುತ್ತವೆ. ಇವುಗಳಿಗೆಲ್ಲ ಒಂದು ಸಣ್ಣ ಪೆಟ್ಟಿಗೆ ಸಾಕು. ಅಂಗೈಯಗಲದ ಒಂದು ಚಾರ್ಜರ್. ಅದನ್ನು ಟ್ರಿಕಲ್ ಚಾರ್ಜರ್ ಎನ್ನುತ್ತಾರೆ. ಟ್ರಿಕಲ್ ಎಂದರೆ ತೊಟ್ಟಿಕ್ಕುವುದು. ಹೆಸರಿನಂತೆಯೇ ಬ್ಯಾಟರಿಗೆ ಹನಿ ಹನಿಯಾಗಿ ವಿದ್ಯುತ್ ಉಣಿಸುವುದು ಅದರ ಕೆಲಸ. ಇದು ಗಂಡಸರ ಗ್ಯಾರೇಜಿನ ವಿಷಯ ಎಂದು ಪುಟ ತಿರುವಬೇಡಿ. ಗಂಡಸರು ಊರಲ್ಲಿಲ್ಲದ ಮನೆಯಲ್ಲೇ ಇದರ ಅಗತ್ಯ ಹೆಚ್ಚು.

ಸೋರುವ ಡ್ರಮ್ಮು

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಈ ಪದ ಕಂಡು ಗಾಬರಿಯಾಗಬೇಕಿಲ್ಲ. ಅದನ್ನು 35 ಕೊಡ ನೀರು ಹಿಡಿಯುವ ಒಂದು ಡ್ರಮ್ಮು ಎಂದುಕೊಳ್ಳಿ. ಕಾರು ಬೀಗ ಹಾಕಿ ನಿಂತಿದ್ದರೂ ಅದರೊಳಗೆ ಕೆಲವು ಭಾಗಗಳು ನಿದ್ದೆ ಮಾಡುವುದಿಲ್ಲ. ಗಡಿಯಾರ ಓಡುತ್ತಿರುತ್ತದೆ. ರಿಮೋಟ್ ಕೀಯ ಸದ್ದಿಗಾಗಿ ಒಂದು ಕಿವಿ ತೆರೆದೇ ಇರುತ್ತದೆ. ಕಳ್ಳತನದ ಅಲಾರಂ, ಎಂಜಿನ್ನಿನ ಕಂಪ್ಯೂಟರ್, ಸ್ಟೀರಿಯೋದ ನೆನಪು ಎಲ್ಲವೂ ಚೂರು ಚೂರು ಕುಡಿಯುತ್ತವೆ. ಇದೆಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್‌ವರೆಗೆ ಆಗುವುದು ಸಹಜ. 30 ಎಂದೇ ಹಿಡಿಯಿರಿ. ದಿನಕ್ಕೆ 24 ಗಂಟೆ ಲೆಕ್ಕ ಹಾಕಿದರೆ 0.72 ಆಂಪಿಯರ್-ಅವರ್, ಅಂದರೆ ದಿನಕ್ಕೆ ಮುಕ್ಕಾಲು ಕೊಡದಷ್ಟು. 24 ದಿನಕ್ಕೆ ಡ್ರಮ್ಮು ಅರ್ಧ, 48 ದಿನಕ್ಕೆ ತಳ! ಕಾರು ಸ್ಟಾರ್ಟ್ ಆಗದೇ ಹೋಗುವುದು ಅದಕ್ಕೂ ಮುಂಚೆಯೇ. ಏಕೆಂದರೆ ಎಂಜಿನ್ನನ್ನು ತಿರುಗಿಸಲು ಒಮ್ಮೆಲೇ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು, ತಳ ಕಂಡ ಬ್ಯಾಟರಿಗೆ ಅಷ್ಟು ದಮ್ಮಿರುವುದಿಲ್ಲ. ಬ್ಯಾಟರಿ ಹಳೆಯದಾಗಿದ್ದರೆ, ಯಾರಾದರೂ ಡ್ಯಾಶ್ ಕ್ಯಾಮರಾ, ಜಿಪಿಎಸ್ ಟ್ರ್ಯಾಕರ್ ಜೋಡಿಸಿದ್ದರೆ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ.

ಈ ಲೆಕ್ಕವನ್ನು ನಾವೆಲ್ಲರೂ ಒಮ್ಮೆ ಒಟ್ಟಿಗೆ ಅನುಭವಿಸಿದ್ದೇವೆ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹಬ್ಬಿದ್ದರಿಂದ ಮೈಸೂರಿನಲ್ಲಿ ಬಿಗಿ ಇನ್ನೂ ಹೆಚ್ಚಾಗಿತ್ತು. ಲಾಕ್‌ಡೌನಿನ ಮೂರನೇ ಹಂತ ಮುಗಿದದ್ದು ಮೇ 17ರಂದು. ಎಣಿಸಿ ನೋಡಿ, 54 ದಿನ. ಮೇಲಿನ ಡ್ರಮ್ಮು ಬರಿದಾಗಲು ಬೇಕಾದುದಕ್ಕಿಂತ ಆರು ದಿನ ಹೆಚ್ಚೇ. ಆ ರಮಝಾನ್ ಕಳೆಯುವ ಹೊತ್ತಿಗೆ ಕಾರಿನ ಕೀ ತಿರುಗಿಸಿ ಪೆಚ್ಚಾದ ಮನೆಗಳು ಒಂದೆರಡಲ್ಲ. ಮರುವರ್ಷ 2021ರ ಜೂನ್ 14ರಂದು ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾದಾಗಲೂ ಮೈಸೂರು ಬಿಗಿಯಲ್ಲೇ ಉಳಿದ 11 ಜಿಲ್ಲೆಗಳಲ್ಲಿ ಒಂದಾಗಿತ್ತು. ಪಾಠ ಎರಡು ಸಲ ಸಿಕ್ಕಿತು ಎನ್ನಬಹುದು.

ಆದರೆ ಬರಿದಾಗುವುದಷ್ಟೇ ತೊಂದರೆಯಲ್ಲ. ಡ್ರಮ್ಮು ಬರಿದಾದರೆ ಮತ್ತೆ ತುಂಬಿಸಬಹುದು, ಬ್ಯಾಟರಿ ಹಾಗಲ್ಲ. ಅದರೊಳಗೆ ಸೀಸದ ತಟ್ಟೆಗಳಿವೆ, ಅವು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿವೆ. ವಿದ್ಯುತ್ ಖರ್ಚಾದಂತೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿ ಪದರ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನಂತಾಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಅಂಟಿಕೊಳ್ಳುತ್ತದೆ. ಚಾದ ಪಾತ್ರೆಯನ್ನು ಆಗಲೇ ತೊಳೆದರೆ ಒಂದು ನೀರಿಗೆ ಹೋಗುತ್ತದೆ, ಎರಡು ದಿನ ಬಿಟ್ಟರೆ ಉಜ್ಜಿ ಉಜ್ಜಿ ಸಾಕಾಗುತ್ತದಲ್ಲ, ಹಾಗೆ. ಎಷ್ಟು ಭಾಗ ಹರಳು ಕಟ್ಟಿತೋ ಅಷ್ಟು ಭಾಗ ಬ್ಯಾಟರಿ ಸತ್ತಂತೆ. ನಾಲ್ಕೈದು ವರ್ಷ ಬಾಳಬೇಕಾದ ಬ್ಯಾಟರಿ ಎರಡನೇ ವರ್ಷಕ್ಕೇ ಗುಜರಿ ಸೇರುವುದು ಹೀಗೆ. ಸಣ್ಣ ಕಾರಿಗೆ ಹೊಸ ಬ್ಯಾಟರಿ ಎಂದರೆ ನಾಲ್ಕೈದು ಸಾವಿರ ರೂಪಾಯಿಯ ಮಾತು.

ಇನ್ನೊಂದು ವಿಷಯ. ಕಾರಿನ ಬ್ಯಾಟರಿ ಬಗ್ಗೆ ಓದಲು ಸಿಗುವ ಹೆಚ್ಚಿನ ಮಾಹಿತಿ ಹಿಮ ಬೀಳುವ ದೇಶಗಳವರು ಬರೆದದ್ದು. ಅವರಿಗೆ ಚಳಿಗಾಲವೇ ಶತ್ರು. ನಮಗೆ ಹಾಗಲ್ಲ, ನಮ್ಮ ಬ್ಯಾಟರಿಗೆ ಶತ್ರು ಬಿಸಿಲು. ಏನನ್ನೂ ಜೋಡಿಸದೆ ಸುಮ್ಮನೆ ಇಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ತಿಂಗಳಿಗೆ ಶೇಕಡಾ ಮೂರರಿಂದ ಐದರಷ್ಟು ಕಳೆದುಕೊಳ್ಳುತ್ತದೆ. ಶಾಖ ಹತ್ತು ಡಿಗ್ರಿ ಹೆಚ್ಚಿದರೆ ಈ ನಷ್ಟ ಹೆಚ್ಚುಕಡಿಮೆ ಇಮ್ಮಡಿ. ಮೈಸೂರು ತಂಪು ಊರೆಂದು ಹೆಸರಾಗಿದ್ದರೂ ಏಪ್ರಿಲ್‌ನಲ್ಲಿ 35 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ನಿಂತ ಕಾರಿನ ಬಾನೆಟ್ಟಿನ ಕೆಳಗೆ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ನೆರಳಿನಲ್ಲಿ ನಿಲ್ಲಿಸುವುದು ಬಣ್ಣ ಉಳಿಸಲು ಮಾತ್ರವಲ್ಲ.

ಕೀ ತಿರುಗಿಸುವ ಸುಖ

ಇಲ್ಲಿ ಸ್ವಲ್ಪ ಹಳೆಯ ಮಾತು. ಆರಂಭದ ಕಾರುಗಳನ್ನು ಮುಂದೆ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಬಲ ಬೇಕು, ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟ ತಪ್ಪಿತು. ಹೆಣ್ಣುಮಕ್ಕಳು ಚಾಲಕರ ಸೀಟಿಗೆ ಬರಲು ಈ ಒಂದು ಸಲಕರಣೆ ಮಾಡಿಕೊಟ್ಟ ಅನುಕೂಲ ಸಣ್ಣದಲ್ಲ. ನಮ್ಮ ಅಂಬಾಸಿಡರ್ ಕಾರಿನ ಡಿಕ್ಕಿಯಲ್ಲಂತೂ ಬಹಳ ಕಾಲ ಹ್ಯಾಂಡಲ್ ಇದ್ದೇ ಇರುತ್ತಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಿಗೆ ಕಾಲಿನ ಒದೆತವೇ ಗತಿ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗಿದ್ದ ಆ ಬೈಕುಗಳನ್ನು ನಿಮ್ಮ ಮಾವನವರನ್ನು ಕೇಳಿದರೆ ಒಂದು ಗಂಟೆ ವರ್ಣಿಸಿಯಾರು!

ಈಗ ಹ್ಯಾಂಡಲೂ ಇಲ್ಲ, ಕಿಕ್ಕೂ ಇಲ್ಲ. ಗೇರ್ ಇರುವ ಕಾರಾದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು, ಆದರೆ ಮಧ್ಯರಾತ್ರಿ ನಾಲ್ಕು ಜನ ಎಲ್ಲಿಂದ ಬರಬೇಕು? ಆಟೋಮ್ಯಾಟಿಕ್ ಕಾರುಗಳನ್ನು ತಳ್ಳಿಯೂ ಪ್ರಯೋಜನವಿಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ರಿಮೋಟ್‌ಗೆ ಬಾಗಿಲೇ ತೆರೆಯುವುದಿಲ್ಲ. ಇದನ್ನು ಈಗಲೇ ನೋಡಿಟ್ಟುಕೊಳ್ಳಿ: ಆ ರಿಮೋಟಿನ ಹೊಟ್ಟೆಯೊಳಗೆ ಒಂದು ಸಣ್ಣ ಲೋಹದ ಕೀ ಅಡಗಿರುತ್ತದೆ, ಚಾಲಕರ ಬಾಗಿಲಿಗೆ ಅದು ಹೊಂದುತ್ತದೆ. ವಿದ್ಯುತ್ ಕಾರು ಕೊಂಡವರೂ ನಿಶ್ಚಿಂತರಲ್ಲ. ಅದರಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಒಂದು ಸಣ್ಣ 12 ವೋಲ್ಟಿನದು ಇರುತ್ತದೆ, ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ.

'ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸು' ಎಂಬುದು ಗಲ್ಫ್‌ನಿಂದ ಫೋನಿನಲ್ಲಿ ಬರುವ ಸಾಮಾನ್ಯ ಸಲಹೆ. ಸಲಹೆಯ ಹಿಂದಿನ ಕಾಳಜಿ ಒಳ್ಳೆಯದೇ. ಆದರೆ ಒಂದು ವಾರದಲ್ಲಿ ಸೋರಿದ್ದು ಐದು ಕೊಡ. ನಿಂತಲ್ಲೇ ಹತ್ತು ನಿಮಿಷ ಓಡಿದ ಎಂಜಿನ್, ಸ್ಟಾರ್ಟ್ ಮಾಡಲು ಖರ್ಚಾದದ್ದನ್ನೂ ಜೊತೆಗೆ ಸ್ವಲ್ಪವನ್ನೂ ಹಿಂದಿರುಗಿಸೀತು. ಐದು ಕೊಡ ತುಂಬಿಸಲು ಅದಕ್ಕೆ ಸಾಧ್ಯವಿಲ್ಲ. ವಾರವಾರವೂ ಸಾಲ ಬೆಳೆಯುತ್ತಲೇ ಹೋಗುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನೊಳಗೆ ನೀರು ನಿಂತು ತುಕ್ಕು ಹಿಡಿಯುವುದು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿಡುವುದು ಜೀವಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಮಕ್ಕಳ ಕೋಣೆಯ ಕಿಟಕಿ ಇದ್ದರಂತೂ ಎಂದೂ ಬೇಡ.

ಓಡಿಸುವುದಾದರೆ ನಿಜವಾಗಿ ಓಡಿಸಿ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ, ಎಸಿ ಹಾಕದೆ. ಮೈಸೂರಿನ ರಿಂಗ್ ರಸ್ತೆ ಸುತ್ತಳತೆಯಲ್ಲಿ ಸುಮಾರು 42 ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಫಜ್ರ್ ಮುಗಿಸಿ ಮಕ್ಕಳನ್ನು ಕೂರಿಸಿಕೊಂಡು ಅದರ ಅರ್ಧದಷ್ಟು ಸುತ್ತಿ ಬಂದರೆ ಬ್ಯಾಟರಿಗೂ ಟೈರಿಗೂ ಬ್ರೇಕಿಗೂ ಒಳ್ಳೆಯದು. ನಿಮ್ಮ ಕೈಯ ಅಭ್ಯಾಸವೂ ತಪ್ಪುವುದಿಲ್ಲ. ಸೌದಿಯಲ್ಲೇ 2018ರ ಜೂನ್ 24ರಿಂದ ಮಹಿಳೆಯರು ಕಾರು ಓಡಿಸುತ್ತಿದ್ದಾರೆ. ಮೈಸೂರಿನಲ್ಲಿ ಲೈಸೆನ್ಸ್ ಪಡೆದು ಪರ್ಸಿನೊಳಗೆ ಇಟ್ಟು ಮರೆತ ಸಹೋದರಿಯರು ಇನ್ನೂ ಸಾಕಷ್ಟಿದ್ದಾರೆ!

ಇದು ಪ್ರತಿ ವಾರ ಆಗದು ಎನ್ನುವವರಿಗೇ ಆ ಸಣ್ಣ ಚಾರ್ಜರ್.

ಬಾಲ್‌ವಾಲ್ವ್ ಇದ್ದದ್ದು, ಇಲ್ಲದ್ದು

ನಿಮ್ಮ ಹಾಲ್‌ನ ಮೂಲೆಯಲ್ಲಿರುವ ಇನ್ವರ್ಟರ್ ನೋಡಿ. ಅದರ ಬ್ಯಾಟರಿಯೂ ಸೀಸ ಮತ್ತು ಆಮ್ಲದ್ದೇ. ತಿಂಗಳುಗಟ್ಟಲೆ ಕರೆಂಟ್ ಹೋಗದಿದ್ದರೂ ಅದು ಸಾಯುವುದಿಲ್ಲ. ಏಕೆ? ಇನ್ವರ್ಟರ್ ಅದನ್ನು ಸದಾ ತುಂಬಿಸುತ್ತಲೇ ಇರುತ್ತದೆ, ತುಂಬಿದ ಮೇಲೆ ತಾನಾಗಿ ಕೈ ಹಿಡಿಯುತ್ತದೆ. ನಿಂತ ಕಾರಿಗೆ ಹಾಗೆ ಮಾಡುವವರು ಯಾರೂ ಇಲ್ಲ. ಟ್ರಿಕಲ್ ಚಾರ್ಜರ್ ಆ ಕೊರತೆಯನ್ನು ತುಂಬುತ್ತದೆ.

ಆದರೆ ಕೊಳ್ಳುವಾಗ ಎಚ್ಚರ. ಒಂದೇ ಹೆಸರಿನಲ್ಲಿ ಎರಡು ಜಾತಿಯ ಚಾರ್ಜರ್ ಮಾರುತ್ತಾರೆ. ಹಳೆಯ ಮಾದರಿಯದು ಸದಾ ಒಂದೇ ಸಮನೆ ವಿದ್ಯುತ್ ಹರಿಸುತ್ತಲೇ ಇರುತ್ತದೆ, ಬ್ಯಾಟರಿ ತುಂಬಿತೋ ಇಲ್ಲವೋ ಅದಕ್ಕೆ ತಿಳಿಯದು. ಬಾಲ್‌ವಾಲ್ವ್ ಇಲ್ಲದ ಟ್ಯಾಂಕಿಗೆ ನಲ್ಲಿ ಬಿಟ್ಟಂತೆ. ಒಂದು ರಾತ್ರಿಗೆ ಸರಿ, ವಾರಗಟ್ಟಲೆ ಬಿಟ್ಟರೆ ಬ್ಯಾಟರಿಯೊಳಗಿನ ನೀರು ಆವಿಯಾಗಿ, ಅನಿಲವಾಗಿ ಒಣಗಿ ಹೋಗುತ್ತದೆ. ಇನ್ನೊಂದು ಜಾತಿಯದಕ್ಕೆ ಬಾಲ್‌ವಾಲ್ವ್ ಇದೆ. ಬ್ಯಾಟರಿಯನ್ನು ಸುಮಾರು 14.4 ವೋಲ್ಟಿನವರೆಗೆ ಏರಿಸಿ ತುಂಬಿಸುತ್ತದೆ, ಆಮೇಲೆ 13.2ರಿಂದ 13.6 ವೋಲ್ಟಿಗೆ ಇಳಿದು ಸೋರಿದಷ್ಟನ್ನೇ ಮರಳಿ ಕೊಡುತ್ತಾ ಕೂರುತ್ತದೆ. ತಿಂಗಳುಗಟ್ಟಲೆ ಜೋಡಿಸಿಡಲು ಇದೊಂದೇ ತಕ್ಕದ್ದು. ಪೆಟ್ಟಿಗೆಯ ಮೇಲೆ 'ಆಟೋಮ್ಯಾಟಿಕ್', 'ಫ್ಲೋಟ್' ಅಥವಾ 'ಮೇಂಟೈನರ್' ಎಂಬ ಪದ ಇದೆಯೇ ನೋಡಿ. ಅಂಗಡಿಯವರು 'ಎಲ್ಲಾ ಒಂದೇ ಮೇಡಂ' ಎಂದರೆ ನಂಬಬೇಡಿ.

12 ವೋಲ್ಟಿನದು, ಒಂದು ಆಂಪಿಯರ್ ಆಸುಪಾಸಿನದು ನಿಂತ ಕಾರನ್ನು ಕಾಯಲು ಸಾಕು. ಸತ್ತ ಬ್ಯಾಟರಿಯನ್ನು ಎಬ್ಬಿಸಲು ಅದು ನಿಧಾನ, 35 ಕೊಡದ ಡ್ರಮ್ಮಿಗೆ ಗಂಟೆಗೆ ಒಂದು ಕೊಡ ಸುರಿದರೆ ಒಂದೂವರೆ ಎರಡು ದಿನ ಬೇಕಲ್ಲವೇ? ಎರಡೂ ಕೆಲಸ ಆಗಬೇಕಿದ್ದರೆ ನಾಲ್ಕು ಆಂಪಿಯರಿನದನ್ನು ಆರಿಸಿ. ಕೆಂಪು ದೀಪ ಬಿದ್ದ ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆರುವ ಕಾರು ನಿಮ್ಮದಾಗಿದ್ದರೆ ಅದರ ಬ್ಯಾಟರಿ ಬೇರೆ ಬಗೆಯದು, ಬ್ಯಾಟರಿಯ ಮೇಲೆ ಬರೆದಿರುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅಂಗಡಿಯಲ್ಲಿ ತೋರಿಸಿ. ಇನ್ನೊಂದು ಪ್ರಶ್ನೆಯನ್ನು ಕೇಳಲು ಮರೆಯಬೇಡಿ: ಕರೆಂಟ್ ಹೋಗಿ ಬಂದರೆ ಇದು ತಾನಾಗಿ ಮತ್ತೆ ಶುರುವಾಗುತ್ತದೆಯೇ? ಕೆಲವು ಚಾರ್ಜರುಗಳ ಬಟನ್ ಒತ್ತಲೇಬೇಕು. ನೀವು ತವರಿಗೆ ಹೋದ ಎರಡನೇ ದಿನವೇ ಸೆಸ್ಕ್‌ನವರು ಕರೆಂಟ್ ತೆಗೆದರೆ, ಮುಂದಿನ ತಿಂಗಳು ಪೂರ್ತಿ ಅದು ಅಲಂಕಾರಕ್ಕೆ ಕೂತಿರುತ್ತದೆ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. ತುಂಬಿದ ಬ್ಯಾಟರಿಯನ್ನು ಕಾಯುವ ಚಾರ್ಜರ್ ಐದು ವ್ಯಾಟ್ ಎಳೆಯಿತೆಂದರೂ ತಿಂಗಳಿಗೆ 3.6 ಯೂನಿಟ್. ಗೃಹಜ್ಯೋತಿಯ ಲೆಕ್ಕದಲ್ಲಿ ಇದು ಕಾಣಿಸುವುದೂ ಕಷ್ಟ.

ಜೋಡಿಸುವುದು ಹೇಗೆ?

ಮೊದಲು ಬಾನೆಟ್ ತೆರೆಯಲು ಕಲಿಯಿರಿ. ಸ್ಟೀರಿಂಗ್‌ನ ಕೆಳಗೆ, ಕಾಲಿನ ಬಳಿ ಲಿವರ್ ಇರುತ್ತದೆ. ಪತಿಯನ್ನು ವೀಡಿಯೊ ಕರೆಯಲ್ಲಿ ಕೂರಿಸಿಕೊಂಡೇ ಮಾಡಿ, ಅವರಿಗೂ ಸಮಾಧಾನ. ಬ್ಯಾಟರಿಯ ಎರಡು ತುದಿಗಳಲ್ಲಿ ಒಂದಕ್ಕೆ ಕೂಡಿಸುವ ಚಿಹ್ನೆ, ಹೆಚ್ಚಾಗಿ ಕೆಂಪು ಮುಚ್ಚಳ. ಇನ್ನೊಂದಕ್ಕೆ ಕಳೆಯುವ ಚಿಹ್ನೆ.

ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವ ಮುನ್ನ ಕ್ಲಿಪ್‌ಗಳನ್ನು ಹಾಕಬೇಕು. ಕೆಂಪು ಕ್ಲಿಪ್ ಕೂಡಿಸುವ ಚಿಹ್ನೆಯ ತುದಿಗೆ. ಕಪ್ಪು ಕ್ಲಿಪ್ ಬ್ಯಾಟರಿಯಿಂದ ಸ್ವಲ್ಪ ದೂರದಲ್ಲಿ ಎಂಜಿನ್ ಅಥವಾ ಬಾಡಿಯ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ. ಆಮೇಲೆ ಸ್ವಿಚ್. ತೆಗೆಯುವಾಗ ತಿರುಗಾ ಮುರುಗಾ: ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ, ಬಳಿಕ ಕಪ್ಪು, ಕೊನೆಗೆ ಕೆಂಪು. ಈ ಕ್ರಮ ಸುಮ್ಮನೆ ಮಾಡಿದ್ದಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರಬಹುದು. ಗಾಳಿಯಲ್ಲಿ ಅದು ಶೇಕಡಾ ನಾಲ್ಕು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಕ್ಲಿಪ್ ತೆಗೆಯುವಾಗ ಹಾರುವ ಕಿಡಿ ಬ್ಯಾಟರಿಯ ನೆತ್ತಿಯ ಮೇಲೆ ಹಾರಬಾರದೆಂದೇ ಈ ಎಚ್ಚರಿಕೆ. ಶೆಡ್ಡಿಗೆ ಗಾಳಿಯಾಡಬೇಕು. ಹತ್ತಿರ ಬೀಡಿ ಸಿಗರೇಟು ಬೇಡ, ಸೊಳ್ಳೆ ಓಡಿಸಲು ಹಾಕುವ ಹೊಗೆಯೂ ಬೇಡ. ಕೈಯ ಬಳೆ, ಉಂಗುರ ತೆಗೆದಿಡಿ. ಎರಡು ತುದಿಗೂ ಒಟ್ಟಿಗೆ ತಾಗಿದ ಬಂಗಾರದ ಬಳೆ ಕ್ಷಣದಲ್ಲಿ ಕೆಂಡವಾಗುತ್ತದೆ. ದುಪಟ್ಟಾದ ತುದಿಯನ್ನು ಸಿಕ್ಕಿಸಿಕೊಳ್ಳಿ. ಆಮ್ಲ ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ಕಾಲು ಗಂಟೆ ಬಿಡದೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಪ್ಲಗ್ ಮೂರು ಪಿನ್ನಿನ, ಅರ್ಥಿಂಗ್ ಇರುವ ಸಾಕೆಟ್ಟಿಗೇ ಇರಲಿ. ಜುಲೈ ಮಳೆಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡನ್ನು ಅಂಗಳದ ನೆಲದ ಮೇಲೆ ಎಳೆದಿಡುವುದು ಬೇಡವೇ ಬೇಡ, ಮನೆಯಲ್ಲಿ ಮಕ್ಕಳಿದ್ದರಂತೂ ನೆನಪಿಟ್ಟುಕೊಳ್ಳಿ. ಚಾರ್ಜ್ ಆಗುತ್ತಿರುವ ಬ್ಯಾಟರಿ ಕೈಯಿಡಲಾಗದಷ್ಟು ಬಿಸಿಯಾದರೆ, ಉಬ್ಬಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕ್ಲಿಪ್ ಮುಟ್ಟಬೇಡಿ. ಗೋಡೆಯ ಸ್ವಿಚ್ ಆರಿಸಿ, ಬಾಗಿಲು ತೆರೆದು ದೂರ ನಿಲ್ಲಿ. ಆ ಬ್ಯಾಟರಿ ಮುಗಿಯಿತೆಂದು ತಿಳಿಯಿರಿ.

ಪೂರ್ತಿ ಸತ್ತ ಬ್ಯಾಟರಿಗೆ ಜೋಡಿಸಿದಾಗ ಕೆಲವು ಆಟೋಮ್ಯಾಟಿಕ್ ಚಾರ್ಜರುಗಳು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಚಾರ್ಜರ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಓಡಬೇಡಿ. ವೋಲ್ಟೇಜ್ ತೀರಾ ಇಳಿದಿದ್ದರೆ ಅಲ್ಲಿ ಬ್ಯಾಟರಿ ಇದೆಯೆಂದೇ ಅವಕ್ಕೆ ಗೊತ್ತಾಗುವುದಿಲ್ಲ. ಅಂಥದನ್ನು ಬ್ಯಾಟರಿ ಅಂಗಡಿಯಲ್ಲಿ ಒಮ್ಮೆ ಎಬ್ಬಿಸಿಕೊಂಡು ಬಂದು ಆಮೇಲೆ ಜೋಡಿಸಿ.

ಚಾರ್ಜರ್ ಕೊಳ್ಳುವ ಮುನ್ನವೇ ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಕೊಳ್ಳಿ ಎನ್ನುತ್ತೇನೆ. ಕಾರು ಕೆಲವು ಗಂಟೆ ನಿಂತ ಮೇಲೆ, ಚಾರ್ಜರ್ ಇಲ್ಲದೆ, ಅದರ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿ. 12.6 ಅಥವಾ ಮೇಲೆ ಬಂದರೆ ಹೊಟ್ಟೆ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಅರ್ಧ, ಹರಳು ಕಟ್ಟಲು ಬಿಡದೆ ಈಗಲೇ ಚಾರ್ಜ್ ಮಾಡಿ. 12ಕ್ಕಿಂತ ಕೆಳಗಿದ್ದರೆ ನಾಳೆಗೆಂದು ಮುಂದೂಡಬೇಡಿ. ಜ್ವರ ನೋಡಲು ಥರ್ಮಾಮೀಟರ್ ಇಟ್ಟುಕೊಳ್ಳುವ ಮನೆಯಲ್ಲಿ ಇದೂ ಒಂದಿರಲಿ.

ಪಾರ್ಕಿಂಗ್‌ನಲ್ಲಿ ಸಾಕೆಟ್ ಇಲ್ಲವೇ?

ಫ್ಲ್ಯಾಟುಗಳಲ್ಲಿ ಇರುವವರ ದೂರು ಇದು. ಕಾರು ಕೆಳಗೆ, ಸಾಕೆಟ್ ಮೂರನೇ ಮಹಡಿಯಲ್ಲಿ. ಇದಕ್ಕೆ ದಾರಿ ಇಲ್ಲದಿಲ್ಲ. ಬಿಸಿಲು ಬೀಳುವ ಜಾಗವಾದರೆ ಐದು ಹತ್ತು ವ್ಯಾಟಿನ ಸಣ್ಣ ಸೌರ ಫಲಕಗಳು ಸಿಗುತ್ತವೆ, ಜೊತೆಗೆ ನಿಯಂತ್ರಕ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಬಗೆಯದು ಎಲ್ಲ ಕಾರಿಗೂ ಆಗದು. ಹಲವು ಕಾರುಗಳಲ್ಲಿ ಕೀ ತೆಗೆದೊಡನೆ ಆ ತೂತಿಗೂ ಬ್ಯಾಟರಿಗೂ ಸಂಬಂಧ ಕಡಿದು ಹೋಗುತ್ತದೆ.

ಅದೂ ಬೇಡವೆಂದರೆ, ಹೊರಡುವ ಮುನ್ನ ಕಳೆಯುವ ಚಿಹ್ನೆಯ ತುದಿಯನ್ನು ಸಡಿಲಿಸಿ ತೆಗೆದಿಡಿ. ಹೆಚ್ಚಿನ ಕಾರುಗಳಿಗೆ 10 ನಂಬರಿನ ಸ್ಪ್ಯಾನರ್ ಸಾಕು. ಗಡಿಯಾರವನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಾರಿನ ಸೋರಿಕೆ ನಿಲ್ಲುತ್ತದೆ, ಬ್ಯಾಟರಿಯ ಸ್ವಂತ ಸೋರಿಕೆ ಮಾತ್ರ ಉಳಿಯುತ್ತದೆ. ಹಜ್‌ನ ನಲವತ್ತು ದಿನಕ್ಕೆ, ಬ್ಯಾಟರಿ ತುಂಬಿದ್ದರೆ, ಇಷ್ಟು ಸಾಕು. ಆರು ತಿಂಗಳಿಗೆ ಸಾಲದು.

ಚಾರ್ಜರ್ ಕಾಯುವುದು ಬ್ಯಾಟರಿಯನ್ನು ಮಾತ್ರ ಎಂಬುದನ್ನೂ ಹೇಳಬೇಕು. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಇಟ್ಟಿಗೆ ಕೊಡಿ. ಟೈರಿಗೆ ಗಾಳಿ ತುಂಬಿಸಿಡಿ. ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ಇಲಿಗಳಿಗೆ ವೈರ್ ಎಂದರೆ ಬಹಳ ಪ್ರೀತಿ. ಬ್ಯಾಟರಿಗೆ ನೀರು ಹಾಕುವ ಮುಚ್ಚಳಗಳಿದ್ದರೆ ಮಟ್ಟವನ್ನೂ ಗಮನಿಸಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. 'ನಮ್ಮ ಆರ್‌ಒ ನೀರು ಶುದ್ಧವಲ್ಲವೇ?' ಎಂದು ಕೇಳುವವರಿದ್ದಾರೆ. ಕುಡಿಯಲು ಶುದ್ಧ, ಬ್ಯಾಟರಿಗಲ್ಲ. ಅದರಲ್ಲಿ ಲವಣ ಉಳಿದೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಬ್ಯಾಟರಿಗೂ ಒಂದು ಆಯುಷ್ಯವಿದೆ. ಮುಗಿದಾಗ ಹಳೆಯದನ್ನು ತೂಕಕ್ಕೆ ಕೊಳ್ಳುವ ಬೀದಿ ಗುಜರಿಗೆ ಕೊಡಬೇಡಿ. ಒಡೆದು ಸೀಸ ಕರಗಿಸುವ ಜಾಗಗಳ ಹೊಗೆ, ಧೂಳು ಸುತ್ತಲಿನ ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಹೊಸದನ್ನು ಹಾಕಿಸಿಕೊಳ್ಳುವ ಮುನ್ನ ಅದರ ಮೇಲಿನ ತಯಾರಿಕೆಯ ತಿಂಗಳು ನೋಡಿ, ಅಂಗಡಿಯವರ ಮೀಟರಿನಲ್ಲೇ ವೋಲ್ಟೇಜ್ ತೋರಿಸಲು ಹೇಳಿ. ಕಪಾಟಿನಲ್ಲಿ ಆರೇಳು ತಿಂಗಳು ಕುಳಿತ ಬ್ಯಾಟರಿಯೂ ನಿಂತ ಕಾರಿನದರಂತೆಯೇ ಸೊರಗಿರುತ್ತದೆ. 12.4ಕ್ಕಿಂತ ಕಡಿಮೆ ತೋರಿಸಿದರೆ ಬೇರೊಂದನ್ನು ಕೇಳಿ.